ಸಂತಾಪ ವಿಭಾಗದಿಂದ ಅಕ್ಕನಿಗೆ

ಮಾರ್ಚ್ ೧೪, ಶುಕ್ರವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಾಯಕರ ಕಚೇರಿಯ ಸಂತಾಪ ವಿಭಾಗದ ಕಿರಿಯ ಬರಹಗಾರನೂ, ಬುಧವಾರದಿಂದೀಚೆಗೆ ಮಾಜಿಯೂ ಆದ ನಿನ್ನ ತಮ್ಮ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ಒಬ್ಬರನ್ನು ಬಿಟ್ಟು. ಆ ಒಬ್ಬರ ಸುದ್ದಿ ನಿನಗೆ ಸೋಮವಾರ ಬೆಳಿಗ್ಗೆಯೇ ತಲುಪಿರುತ್ತದೆ. ಅಷ್ಟು ಜೋರಾಗಿ ಅತ್ತ ಟೀವಿಗಳ ನಡುವೆ ತಲುಪದೇ ಇರಲು ನೀನು ಬಾವಿಯಲ್ಲಿ ಮನೆ ಮಾಡಿರಬೇಕು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ ಅಂತ ಕೇಳುತ್ತೀಯ, ಗೊತ್ತು. ಫೋನ್ ಯಾಕೆ ಮಾಡಲಿಲ್ಲ ಅನ್ನುವುದೇ ಈ ಪತ್ರದ ಅರ್ಧ ಕಥೆ. ಸಮಾಧಾನವಾಗಿ ಕೂತು ಓದು. ನಗು ಬಂದರೆ ನಕ್ಕುಬಿಡು, ಈಗ ಹೊಲಿಗೆ ಎಳೆಯುವುದಿಲ್ಲ.

ನಿನಗೆ ನೆನಪಿರಬಹುದು, ನಮ್ಮ ಮನೆಯಲ್ಲಿ ಏನು ಕೆಟ್ಟರೂ ಶೋಕಸಂದೇಶ ಬರೆಯುವ ಅಧಿಕಾರ ನನ್ನದಾಗಿತ್ತು. ಇಸ್ತ್ರಿಪೆಟ್ಟಿಗೆ ಸುಟ್ಟು ಹೋದಾಗ 'ಸುಕ್ಕುಗಳ ಕಡುವೈರಿ, ಬಿಸಿ ಸ್ವಭಾವದ ನೇರ ನಡೆಯ ಹಿರಿಯರು' ಅಂತ ಬರೆದು ಗೋಡೆಗೆ ಅಂಟಿಸಿದ್ದೆ. ಆಸ್ಪತ್ರೆಯಲ್ಲಿ ನೀನು ಬಿದ್ದಿದ್ದಾಗ, ನಿನ್ನ ಉದುರಿದ ಹಲ್ಲಿಗೂ ಒಂದು ಬರೆದು ಓದಿದ್ದೆ. 'ಮೃತರು ಮೂವತ್ತೊಂದು ಮಂದಿ ಸೋದರರನ್ನು ಅಗಲಿದ್ದಾರೆ' ಅನ್ನುವ ಹೊತ್ತಿಗೆ ನೀನು ಕೈ ಅಡ್ಡ ಹಿಡಿದು, "ನಗಿಸ್ಬೇಡ ಕಣೋ, ಹೊಲಿಗೆ ಎಳೆಯುತ್ತೆ" ಅಂದಿದ್ದೆ. ಆ ವಿದ್ಯೆಯೇ ನನಗೆ ಅನ್ನ ಕೊಟ್ಟಿತು. ನಮ್ಮ ದೊಡ್ಡವರು, ಅಂದರೆ ಈಗಿನ ನಾಯಕರು, ಆಗಿನ್ನೂ ಅಧಿಕಾರಕ್ಕೆ ಬಂದಿರಲಿಲ್ಲ. ಕ್ಯಾಮೆರಾದವರ ಜೊತೆ ನಿನ್ನ ಹಾಸಿಗೆಯ ಪಕ್ಕ ನಿಂತು, "ತಂಗಿ, ನಾನಿದ್ದೀನಿ" ಅಂದರು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಹುಡುಗ ಚುರುಕಾಗಿದ್ದಾನೆ, ಕಚೇರಿಗೆ ಕಳಿಸಿ" ಅಂದರು. ಮುಂದೆ ಗೆದ್ದ ಮೇಲೆ ಮರೆಯದೆ ಕರೆಸಿಕೊಂಡರು. ಅದನ್ನು ಇಲ್ಲ ಅನ್ನಲಾರೆ. ನಿನ್ನ ಕೇಸು ಬಿದ್ದು ಹೋಯಿತು, ನಾಟಕ ಕಂಪನಿಯವರೆಲ್ಲ ಒಂದೇ ಬಾಯಲ್ಲಿ ನೀನು ಮೆಟ್ಟಿಲಿಂದ ಜಾರಿದೆ ಅಂದರು. ನನಗೆ ಮಾತ್ರ ಕೆಲಸ ಸಿಕ್ಕಿತು.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮನುಷ್ಯರು ಬದುಕಿರುವಾಗಲೇ ಅವರ ಸಂತಾಪ ಬರೆದಿಡುತ್ತೇವೆ. ಕಂಪ್ಯೂಟರಿನಲ್ಲಿ ಅದಕ್ಕೊಂದು ಜಾಗ, ಅದರ ಹೆಸರು ಫ್ರಿಜ್ಜು. ಯಾರಿಗಾದರೂ ಕೆಮ್ಮು ಹೆಚ್ಚಾಯಿತು ಅಂದರೆ ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡುವುದು ನನ್ನ ಕೆಲಸ. ಪತ್ರಿಕಾ ಕಾರ್ಯದರ್ಶಿಗೆ ನಾನಿಟ್ಟ ಹೆಸರು ವಿಶೇಷಣ ಸಾರ್. ಬರೀ ನಾಮಪದ ಕಂಡರೆ ಅವರಿಗೆ ಬಟ್ಟೆ ಇಲ್ಲದ ಮಗುವನ್ನು ಕಂಡ ಹಾಗೆ. ತಕ್ಷಣ ಏನಾದರೂ ಹೊದಿಸಲೇಬೇಕು.

ಸೋಮವಾರ ನಾನು ಒಳಗೆ ಕಾಲಿಡುವಾಗಲೇ ಅವರು ಆ ಒಬ್ಬರನ್ನು, ಅಂದರೆ ನಿನ್ನ ಮಧುರಕಂಠನನ್ನು, ಫ್ರಿಜ್ಜಿನಿಂದ ತೆಗೆದಿಟ್ಟಿದ್ದರು. 'ಮೇರು ಗಾಯಕ, ಅಪ್ರತಿಮ ನಟ, ಮೃದು ಹೃದಯಿ, ತುಂಬಲಾರದ ನಷ್ಟ.'

"ಸಾರ್, ಮೃದು ಹೃದಯಿ?" ಅಂದೆ.

"ಹಳೇ ಕರಡು ಕಣಪ್ಪಾ. ಆ ಗಲಾಟೆಗೂ ಮುಂಚೆ ಬರೆದದ್ದು. ಅದೊಂದನ್ನ ತೆಗಿ."

"ತುಂಬಲಾರದ ನಷ್ಟ?"

"ತುಂಬಲಾರದ ನಷ್ಟ ಇಲ್ಲದೆ ಯಾರಾದ್ರೂ ಸತ್ತಿದ್ದು ನೋಡಿದ್ದೀಯೇನೋ ನೀನು?"

ಅಷ್ಟರಲ್ಲಿ ಕೆಳಗೆ ಗೇಟಿನ ಹೊರಗೆ ಜನ ಸೇರಿದ್ದರು. ಅವನ ಚಿತ್ರ ಹಿಡಿದು ಅಳುವವರು, ಅಳುವವರನ್ನು ಫೋನಿನಲ್ಲಿ ತೆಗೆಯುವವರು, ಎರಡನ್ನೂ ಒಟ್ಟಿಗೆ ಮಾಡುವವರು. ಪೊಲೀಸ್ ಅಧಿಕಾರಿ ಬಂದು, "ನಾಯಕರು ಎರಡು ಸಾಲು ಹೇಳಿಬಿಡ್ಲಿ ಸಾರ್, ಇಲ್ಲಾಂದ್ರೆ ಮಧ್ಯಾಹ್ನದೊಳಗೆ ಬಸ್ಸಿನ ಗಾಜು ಉಳಿಯಲ್ಲ" ಅಂತ ಹೇಳಿ ಹೋದರು. ದೊಡ್ಡವರು ನಮ್ಮನ್ನೆಲ್ಲ ಕೋಣೆಗೆ ಕರೆದರು. ವಿಶೇಷಣ ಸಾರ್, ಟೈಪಿಂಗ್ ಮೇಡಂ, ನಾನು.

ಅವರನ್ನು ರಾಕ್ಷಸನಂತೆ ಬಣ್ಣಿಸಿದರೆ ನಿನಗೆ ಖುಷಿಯಾಗಬಹುದು, ಆದರೆ ಅವರು ನಿಜವಾಗಿ ಪೇಚಿಗೆ ಸಿಕ್ಕಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹೊರಗೆ ಅಷ್ಟು ಜನ ಅಳ್ತಿದ್ದಾರೆ. ನಿಮ್ಮ ಅಳು ತಪ್ಪು ಅಂತ ನಾನು ಹೇಳೋಕಾಗುತ್ತಾ? ಸತ್ತ ಮನೆ ಅದು. ಮಾತಾಡದೆ ಕೂತ್ರೆ ಸತ್ತವನ ಮೇಲೆ ಹಗೆ ಸಾಧಿಸಿದ ಅಂತಾರೆ" ಅಂದರು.

ಟೈಪಿಂಗ್ ಮೇಡಂ ಸಾಮಾನ್ಯವಾಗಿ ಬಾಯಿ ಬಿಡುವವರಲ್ಲ. ಅವತ್ತು ಬಿಟ್ಟರು. "ಅಳೋರು ಅಳ್ಲಿ ಸಾರ್, ಅದು ಅವರವರ ಇಷ್ಟ. ನಾನೂ ಅವನ ಹಾಡು ಕೇಳ್ಕೊಂಡೇ ಮಗಳನ್ನ ಮಲಗಿಸಿದೋಳು. ಆದ್ರೆ ನೀವು ಹೇಳಿದ್ರೆ ಅದು ನಿಮ್ಮೊಬ್ಬರ ಮಾತಲ್ಲ, ನಮ್ಮೆಲ್ಲರ ಲೆಕ್ಕಕ್ಕೆ ಬರುತ್ತೆ. ಅವನು ಹೊಡೆದ ಹುಡುಗಿ ಲೆಕ್ಕಕ್ಕೂ ಬರುತ್ತೆ." ಹೇಳಿ ಮುಗಿಸಿದ ಮೇಲೆ ಆ ಹುಡುಗಿಯ ತಮ್ಮ ಪಕ್ಕದಲ್ಲೇ ನಿಂತಿದ್ದಾನೆ ಅನ್ನುವುದು ನೆನಪಾಗಿ, ತಮ್ಮ ಬಳೆಗಳನ್ನು ನೋಡುತ್ತಾ ಕೂತರು.

"ಸತ್ತ ಮೇಲೂ ಅದನ್ನೇ ಎತ್ತಾಡಬೇಕಾ?" ಅಂದರು ವಿಶೇಷಣ ಸಾರ್.

"ಎತ್ತಾಡೋದು ಬೇಡ ಸಾರ್. ಮೇಲೆ ಹೂವು ಮುಚ್ಚೋದೂ ಬೇಡ ಅಂದೆ ಅಷ್ಟೆ."

ದೊಡ್ಡವರು ನನ್ನ ಕಡೆ ತಿರುಗಿ, "ನೀನೇ ಒಂದು ಬರಿ" ಅಂದರು. ಅಕ್ಕ, ಜೀವನದಲ್ಲಿ ಮೊದಲ ಸಲ ನಾನು ತಮಾಷೆ ಇಲ್ಲದ ಸಂತಾಪ ಬರೆದೆ. 'ಅವರು ತೀರಿಕೊಂಡ ಸುದ್ದಿ ತಿಳಿಯಿತು. ಅವರ ಮನೆಯವರ ದುಃಖದಲ್ಲಿ ನಾನಿದ್ದೇನೆ. ಅವರ ಕೈಯಿಂದ ನೊಂದವರ ದುಃಖದಲ್ಲೂ ಇದ್ದೇನೆ.' ಇಷ್ಟೇ. ವಿಶೇಷಣ ಸಾರ್ ಆ ಬೆತ್ತಲೆ ವಾಕ್ಯಗಳನ್ನು ನೋಡಿ ಮುಖ ತಿರುಗಿಸಿದರು. ದೊಡ್ಡವರು ಎರಡು ಸಲ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕೇ ಬೇಕಾ?" ಅಂದರು.

ಆಗ ಅವರಿಗೊಂದು ಉಪಾಯ ಹೊಳೆಯಿತು. ಮುಖ ಅರಳಿತು ಕೂಡ.

"ಒಂದು ಕೆಲಸ ಮಾಡು. ನಿಮ್ಮಕ್ಕನಿಗೆ ಫೋನ್ ಹಚ್ಚು. ಅವಳನ್ನೇ ಕೇಳು. ಅವಳು ಬೇಡ ಅಂದ್ರೆ ನಾನು ಒಂದಕ್ಷರ ಹೇಳಲ್ಲ. ದೊಡ್ಡ ಮನಸ್ಸಿನ ಹುಡುಗಿ, ಬೇಡ ಅನ್ನಲ್ಲ."

ನಾನು ಫೋನ್ ಹಿಡಿದು ಮೊಗಸಾಲೆಗೆ ಬಂದೆ. ಅಲ್ಲಿ ನಿನ್ನದೂ ದೊಡ್ಡವರದೂ ಫೋಟೋ ಇರುತ್ತಿತ್ತಲ್ಲ, ಆಸ್ಪತ್ರೆಯದು. ಅದರಲ್ಲಿ ಅವರ ಮುಖ ಸ್ಪಷ್ಟ, ನಿನ್ನದು ಪತ್ರಿಕೆಯವರು ಮಸುಕು ಮಾಡಿದ್ದು, ಕೆಳಗೆ ದಪ್ಪಕ್ಷರದಲ್ಲಿ 'ತಂಗಿ, ನಾನಿದ್ದೀನಿ'. ಟೀವಿಯವರು ಬರುತ್ತಾರೆಂದು ಅದನ್ನು ಬೆಳಿಗ್ಗೆಯೇ ಇಳಿಸಿದ್ದರು. ಗೋಡೆಯ ಮೇಲೆ ಬೆಳ್ಳಗಿನ ಚೌಕ ಮಾತ್ರ ಉಳಿದಿತ್ತು. ನಾನು ನಿನ್ನ ನಂಬರು ತೆಗೆದು ಅದರೆದುರು ನಿಂತೆ. ಏನು ಕೇಳುವುದು ನಿನ್ನನ್ನು? ಅವನ ಮುಖಕ್ಕೆ ಬಣ್ಣ ಹಚ್ಚಿದವಳು ನೀನು. ಕನ್ನಡಿ ತರಲು ತಡವಾಯಿತು ಅಂತ ಅದೇ ಕನ್ನಡಿಯ ಮರದ ಚೌಕಟ್ಟಿನಿಂದ ಹೊಡೆಸಿಕೊಂಡವಳು ನೀನು. ಊರು ಬಿಟ್ಟವಳು ನೀನು. ಈಗ ಅವನನ್ನು ಹೂವಿನಲ್ಲಿ ಕಳಿಸಿಕೊಡಲು ರುಜು ಹಾಕಬೇಕಾದವಳೂ ನೀನೇ. ಬೇಡ ಅಂದರೆ ಗಾಜು ಒಡೆದ ಪಾಪ ನಿನ್ನ ಮೇಲೆ, ಆಗಲಿ ಅಂದರೆ ದೊಡ್ಡ ಮನಸ್ಸಿನ ಹುಡುಗಿ. ಇಷ್ಟೆಲ್ಲ ನಿನ್ನ ತಲೆಗೆ ಕಟ್ಟಿ, ಅವರು ಮಾತ್ರ ಕೈ ತೊಳೆದು ಊಟಕ್ಕೆ ಏಳುತ್ತಾರೆ.

ಒಳಗೆ ಹೋಗಿ, "ಫೋನ್ ಹಚ್ಚಲಿಲ್ಲ ಸಾರ್" ಅಂದೆ.

"ಯಾಕೆ, ಸಿಗ್ನಲ್ ಇಲ್ವಾ?"

"ಇದೆ ಸಾರ್. ನಾನೇ ಹಚ್ಚಲಿಲ್ಲ. ಹೇಳೋದಾದ್ರೆ ನೀವೇ ಹೇಳಿ, ಬಿಡೋದಾದ್ರೂ ನೀವೇ ಬಿಡಿ. ಅವಳನ್ನ ಕೇಳಿ ಹೇಳಿದೆ ಅಂತ ಆಗೋದು ಬೇಡ."

ಹೊರಗೆ ಏನೋ ಒಡೆದ ಸದ್ದು ಕೇಳಿತು, ಗಾಜಿನದೇ ಇರಬೇಕು. ದೊಡ್ಡವರು ಕನ್ನಡಕ ಹಾಕಿಕೊಂಡು, ವಿಶೇಷಣ ಸಾರ್ ಕಡೆ ಕೈ ಚಾಚಿದರು. ಹಳೇ ಕರಡು ಅವರ ಕೈಗೆ ಹೋಯಿತು. ಅದಕ್ಕೆ ಅವರೇ ಒಂದು ಸಾಲು ಸೇರಿಸಿದರು. ನನಗೆ, "ನಿನ್ನ ಮೇಲೆ ನಂಗೇನೂ ಬೇಜಾರಿಲ್ಲ" ಅಂದರು. ಅಷ್ಟು ಮೆತ್ತಗೆ ಅಂದರು ಅಂದರೆ, ಬೇಜಾರಾಗಿದೆ ಅನ್ನುವುದು ಗೋಡೆಗೂ ತಿಳಿಯಿತು.

ನಾನು ಊಟಕ್ಕೆ ಮನೆಗೆ ಬಂದಾಗ ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಟೀವಿ ಹಾಕಿತ್ತು. ಅವನ ಹಾಡು ಬಂದರೆ ಅಮ್ಮ ಕಾಲಲ್ಲೇ ತಾಳ ಹಾಕಿ ಮೆಷಿನ್ ತುಳಿಯುತ್ತಿದ್ದಳಲ್ಲ, ಅವತ್ತು ಕಾಲು ಸುಮ್ಮನಿತ್ತು. ದೊಡ್ಡವರು ಪರದೆಯ ಮೇಲೆ ಬಂದು ತಾವು ಸೇರಿಸಿದ ಸಾಲನ್ನು ಓದಿದರು. "ಅವರು ಪ್ರತಿ ಮನೆಯ ಮಗನಾಗಿದ್ದರು."

ಅಮ್ಮ ಸೂಜಿಯಿಂದ ಕಣ್ಣು ಎತ್ತದೆ, "ನಮ್ಮನೇದೂ ಸೇರಿಸಿದ್ರಾ?" ಅಂದಳು.

ನೀನೂ ಅಮ್ಮನೂ ಮಾತು ಬಿಟ್ಟ ಮೇಲೆ ಅವಳು ಈ ವಿಷಯದಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ನಾನು ಅನ್ನ ಕಲಸುತ್ತಾ ಕೂತೆ.

ಮಂಗಳವಾರ ನಾನು ನನ್ನ ಕಸುಬಿಗೆ ನ್ಯಾಯ ಒದಗಿಸಿದೆ. ಮೊಗಸಾಲೆಯ ಬಿಳಿ ಚೌಕದಲ್ಲಿ, ಕಚೇರಿಯ ಕಾಗದದಲ್ಲೇ, ಕಪ್ಪು ಅಂಚಿನೊಂದಿಗೆ ಹೀಗೆ ಅಂಟಿಸಿದೆ: 'ಇಲ್ಲಿ ಬಹುಕಾಲ ನೆಲೆಸಿದ್ದ "ತಂಗಿ, ನಾನಿದ್ದೀನಿ" ಎಂಬ ಮಾತು ಅಲ್ಪಕಾಲದ ಅಸ್ವಸ್ಥತೆಯಿಂದ ಸೋಮವಾರ ತೀರಿಕೊಂಡಿತು. ಮೃತರು ಒಬ್ಬ ತಂಗಿಯನ್ನೂ ಆಕೆಯ ತಮ್ಮನನ್ನೂ ಅಗಲಿದ್ದಾರೆ. ತುಂಬಲಾರದ ನಷ್ಟ.' ವಿಶೇಷಣವಿಲ್ಲದೆ ಕಳಿಸಲು ಮನಸ್ಸು ಬರಲಿಲ್ಲ. ಸಂಜೆಯ ತನಕ ಜನ ಅದನ್ನು ಓದಿದರು. ಟೈಪಿಂಗ್ ಮೇಡಂ ಅದರೆದುರು ನಿಂತು ಕಣ್ಣೊರೆಸಿಕೊಂಡರು. ಬುಧವಾರ ನನ್ನನ್ನು ಸಂತಾಪದಿಂದ ಹುಟ್ಟುಹಬ್ಬದ ವಿಭಾಗಕ್ಕೆ ವರ್ಗಾಯಿಸಿದರು. ಇನ್ನು ಮುಂದೆ 'ನೂರ್ಕಾಲ ಬಾಳಿ' ಅಂತ ಬರೆಯುವುದು. ಸಾವಿನಿಂದ ಹುಟ್ಟಿಗೆ ಬಂದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅದೇ ಬುಧವಾರ ಅಮ್ಮ ನನಗೆ ಹೇಳದೆ, ಅವನನ್ನು ದರ್ಶನಕ್ಕಿಟ್ಟಿದ್ದ ಪುರಭವನಕ್ಕೆ ಹೋಗಿದ್ದಳು. ಸಾಲಿನಲ್ಲಿ ನಿಂತು ಅವನನ್ನು ನೋಡಿ ಬಂದಿದ್ದಾಳೆ. ಸಂಜೆ ನಾನು ಮನೆಗೆ ಬಂದಾಗ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಮ್ಮಾ, ನೀನೂ ಹೋದ್ಯಾ? ನಾಯಕರಿಗಾದ್ರೆ ಓಟು ಬೇಕು, ನಿನಗೇನು ಬೇಕಿತ್ತು?" ಅಂದೆ.

"ನೋಡ್ಬೇಕಿತ್ತು."

"ಏನು ನೋಡಿದೆ?"

"ಬಣ್ಣ ಸರಿಯಾಗಿ ಹಚ್ಚಿರಲಿಲ್ಲ ಕಣೋ. ಕತ್ತಿನ ಹತ್ರ ಗೆರೆ ನಿಂತುಬಿಟ್ಟಿತ್ತು, ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ. ನಮ್ಮೋಳು ಯಾವತ್ತೂ ಹಾಗೆ ಬಿಡ್ತಿರಲಿಲ್ಲ."

ನಮ್ಮೋಳು ಅಂದಳು, ಅಕ್ಕ. ನಾನು ಸರಿಯಾಗಿಯೇ ಕೇಳಿಸಿಕೊಂಡೆ.

ಇನ್ನು ಮುಗಿಸುತ್ತೇನೆ. ಕಿರಿಯನಾದ ನಾನು ನಿನ್ನ ಆಶೀರ್ವಾದ ಬೇಡಬೇಕು. ಆದರೆ ಹೊಸ ವಿಭಾಗದ ಅಧಿಕಾರ ಬಳಸಿ ನಾನೇ ನಿನಗೆ ಹರಸುತ್ತಿದ್ದೇನೆ: ನೂರ್ಕಾಲ ಬಾಳು, ಹಲ್ಲುಗಳೆಲ್ಲ ಗಟ್ಟಿಯಾಗಿರಲಿ, ಎಚ್ಚರದಲ್ಲೂ ಕನಸಲ್ಲೂ ಅವನ ಹಾಡು ನಿನಗೆ ಕೇಳಿಸದಿರಲಿ.

ಇತಿ ನಿನ್ನ ತಮ್ಮ,
ಹುಟ್ಟುಹಬ್ಬ ವಿಭಾಗ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಣ್ಣದ ಮಾತಾದ ಮೇಲೆ ನಾನು ಚಹಾಕ್ಕೆ ನೀರಿಟ್ಟೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅವನ ಮುಖ ಊದಿತ್ತು. ಗುರ್ತೇ ಸಿಗ್ಲಿಲ್ಲ" ಅಂದಳು. ಆಮೇಲೆ, "ಆವತ್ತು ಅವಳದ್ದೂ ಹೀಗೇ ಊದಿತ್ತೇನೋ?" ಅಂದಳು. 'ಅಂಥವನು ಸುಮ್ಸುಮ್ನೆ ಯಾಕೆ ಹೊಡೀತಾನೆ, ನೀನೇನೋ ಮಾಡಿರ್ಬೇಕು' ಅಂತ ನಿನಗೆ ಫೋನಿನಲ್ಲಿ ಹೇಳಿ, ಆಸ್ಪತ್ರೆಯ ಕಡೆ ತಲೆ ಹಾಕದವಳು. ಪತ್ರಿಕೆಯಲ್ಲಿ ಕಂಡದ್ದು ಆ ಮಸುಕು ಮಾತ್ರ. ಅವಳು ನಿನ್ನ ಮುಖವನ್ನು ನೋಡಿಯೇ ಇಲ್ಲ.

"ಒಂದು ಕಡೆ ಮಾತ್ರ" ಅಂದೆ.

"ಯಾವ ಕಡೆ?"

ನನ್ನ ಎಡಗೆನ್ನೆ ತೋರಿಸಿದೆ. ಅಮ್ಮ ಕೈಯೆತ್ತಿ ಅಲ್ಲಿಟ್ಟಳು. ಸೂಜಿ ಚುಚ್ಚಿ ಒರಟಾದ ಬೆರಳು. ನೀರು ಕುದಿದು ಪಾತ್ರೆಯಲ್ಲೇ ಇಂಗಿಹೋಗುವವರೆಗೂ ತೆಗೆಯಲಿಲ್ಲ.

ಅಕ್ಕ, ನಿನಗೆ ಬರಬೇಕಾದದ್ದು ವಿಳಾಸ ತಪ್ಪಿ ನನಗೆ ಬಟವಾಡೆಯಾಗಿದೆ. ಬಂದು ತೆಗೆದುಕೊಂಡು ಹೋಗು.