ಹನ್ನೆರಡನೆಯ ಅಭಿಪ್ರಾಯ

ಹುಬ್ಬಳ್ಳಿ
ಫೆಬ್ರುವರಿ ೩೦, ೨೧೨೯

ಮುತ್ತಜ್ಜ ಪ್ರಭುಲಿಂಗ ಹಳ್ಳಿಕೇರಿಯವರಿಗೆ ನಿಮ್ಮ ಮರಿಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಗೆಳೆಯರ ಕುಚೋದ್ಯವೆಂದು ಕಾಗದವನ್ನು ಬಿಸಾಡಬೇಡಿ. ನಮ್ಮ ತಿಂಗಳುಗಳಿಗೆಲ್ಲ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಒಟ್ಟಿಗೆ ಇಟ್ಟುಕೊಂಡು ಊರಿಗೆ ಊರೇ ರಜೆ ಮಾಡುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಮನೆಯಲ್ಲಿ ಕಲಿತವಳಲ್ಲ, ಕಚೇರಿಯಲ್ಲಿ ಹಳೆಯ ಬರಹಗಳನ್ನು ಓದಿ ಓದಿ ಕಲಿತವಳು. ಇದನ್ನು ಓದುವಾಗ ನೀವು ಇನ್ನೂ ಮದುವೆಯಾಗದ ಇಪ್ಪತ್ತೊಂಬತ್ತರ ಹುಡುಗ, ಬರೆಯುವ ನನಗೆ ನಲವತ್ತಾರು. ಮುತ್ತಜ್ಜ ಎನ್ನಲು ನನಗೇ ನಗು ಬರುತ್ತದೆ, ಆದರೆ ಬೇರೆ ಏನೆಂದು ಕರೆಯಲಿ?

ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಲುಪಿ ಏನಾದರೂ ಬದಲಾಗಿದ್ದರೂ, ಬದಲಾಯಿತು ಎಂದು ಹೇಳಲು ಉಳಿದವರು ಯಾರು? ಹೆಚ್ಚಿನವರು ತೀರಿಹೋದ ತಾಯಿಗೆ ನಾಲ್ಕು ಒಳ್ಳೆಯ ಮಾತು ಬರೆದು ಸುಮ್ಮನಾಗುತ್ತಾರೆ. ಈ ಅಂಚೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬರೆಯುವಾಗ ಅಳಿಸಿದ ಸಾಲುಗಳೂ ಕಾಗದದ ಕೊನೆಯಲ್ಲಿ ತಾವಾಗಿಯೇ ಮೂಡಿ ಜೊತೆಗೆ ಹೋಗುತ್ತವೆ. ಅವುಗಳಿಗೆ ಅಳಿಬರಹ ಎಂದು ಹೆಸರು. ಆದ್ದರಿಂದ ನಾನು ಒಂದೊಂದು ಸಾಲನ್ನೂ ಯೋಚಿಸಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸ್ವಂತ ಗಾಡಿ ಎಂಬುದಿಲ್ಲ. ಕೂಡುಬಂಡಿಗಳಿವೆ. ಇಪ್ಪತ್ತು ಜನ ಕೂಡುವ, ಸ್ಟೇರಿಂಗ್ ಇಲ್ಲದ, ಎಷ್ಟೇ ಅವಸರವಿದ್ದರೂ ಗಂಟೆಗೆ ನಲವತ್ತು ಕಿಲೋಮೀಟರ್ ದಾಟದ ಬಂಡಿಗಳು. ಹುಬ್ಬಳ್ಳಿಯಿಂದ ಗದಗ ಸೇರಲು ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಜನ ಬಟಾಣಿ ಸುಲಿಯುತ್ತಾರೆ, ಮಕ್ಕಳಿಂದ ಮಗ್ಗಿ ಹೇಳಿಸುತ್ತಾರೆ, ಬೀಗರ ಮೇಲಿನ ದೂರುಗಳನ್ನೆಲ್ಲ ಹೇಳಿ ಮುಗಿಸುತ್ತಾರೆ. ನಿಮ್ಮ ಕಾಲದ ಅಗಲವಾದ ಹೆದ್ದಾರಿಯ ಅರ್ಧ ಭಾಗದ ಮೇಲೆ ಈಗ ಮೆಣಸಿನಕಾಯಿ ಒಣಹಾಕುತ್ತಾರೆ. ಹಾಗೆ ಒಣಹಾಕಿದ ದಿನಗಳಲ್ಲಿ ಬಂಡಿಯಲ್ಲಿ ಕೂತವರೆಲ್ಲ ಸೀನುತ್ತಲೇ ಊರು ಮುಟ್ಟುತ್ತೇವೆ. ಗಿರ್ಮಿಟ್ ಇನ್ನೂ ಇದೆ, ಮಿರ್ಚಿ ಭಜಿಯೂ ಇದೆ. ಇಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಿ.

ನನ್ನ ಕೆಲಸ ಒಪ್ಪಿಸುಮಾತಿಗೆ ಸಾಕ್ಷಿ ಕೂಡುವುದು. ನಮ್ಮಲ್ಲಿ ಬಳಸಿದ ವಸ್ತು ಯಾವುದೇ ಇರಲಿ, ರೊಟ್ಟಿ ಹಂಚಿರಲಿ, ಕುಕ್ಕರ್ ಇರಲಿ, ಕೊಡುವವರು ಕೊಳ್ಳುವವರ ಎದುರು ಕೂತು ಅದರ ಮೂರು ದೋಷಗಳನ್ನು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ವಸ್ತು ಕೈ ಬದಲಾಗುವಂತಿಲ್ಲ. ಜನ ಅದಕ್ಕೆ ಪಡುವ ಸಂಕಟ ನೀವು ನೋಡಬೇಕು. ಹೋದ ವಾರ ಒಬ್ಬ ಹೆಂಗಸು ತನ್ನ ಕುಕ್ಕರ್ ಸೀಟಿ ಹೊಡೆಯುವುದಿಲ್ಲ ಎಂದು ಹೇಳಲು ಅರ್ಧ ಗಂಟೆ ತೆಗೆದುಕೊಂಡಳು. ಮದುವೆಗೂ ಈ ಪದ್ಧತಿ ತರಬೇಕೆಂದು ಕೆಲವರು ಹಟ ಹಿಡಿದಿದ್ದರು. ಹಾಗೆ ಮಾಡಿದರೆ ಊರಲ್ಲಿ ಒಂದು ಮದುವೆಯೂ ಆಗಲಿಕ್ಕಿಲ್ಲ ಎಂದು ಹಿರಿಯರು ಕೈಬಿಟ್ಟರು.

ಹಿಂದಿನ ಕಾಲದವರು ಬಳಸಿದ ವಸ್ತುಗಳ ಬಗ್ಗೆ ಹೇಗೆ ಮಾತಾಡುತ್ತಿದ್ದರು ಎಂಬುದನ್ನು ಬರೆದುಕೊಡಲು ಈ ವರ್ಷ ನಮ್ಮ ಕಚೇರಿ ನನಗೆ ಹೇಳಿತು. ನಿಮ್ಮ ಕಾಲದ ಅಂತರ್ಜಾಲದ ಬರಹಗಳೆಲ್ಲ ನಮ್ಮಲ್ಲಿ ಜೋಪಾನವಾಗಿವೆ. ಬರೆದವರು ಕಳಿಸುವ ಮೊದಲೇ ಅಳಿಸಿಬಿಟ್ಟ ಮಾತುಗಳನ್ನೂ ಈಗ ಓದಲು ಬರುತ್ತದೆ. ಹಾಗೆ ಹುಡುಕುತ್ತ ನಿಮ್ಮ ಹಾಟ್ ಹ್ಯಾಚ್‌ಬ್ಯಾಕ್ ಬಳಗದ ಪುಟ ಸಿಕ್ಕಿತು. ಆ ಹೆಸರಿನ ಅರ್ಥ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಸಂತೆಯಿಂದ ಕಾಯಿಪಲ್ಲೆ ತರಲು ಸಾಕಾಗುವ ಪುಟ್ಟ ಕಾರು, ಅದಕ್ಕೆ ಅದರ ಮೈಗೆ ಮೀರಿದ ಎಂಜಿನ್. ಇಂಥದ್ದನ್ನು ಬುದ್ಧಿ ನೆಟ್ಟಗಿರುವವರು ಯಾಕೆ ಕೊಳ್ಳುತ್ತಾರೆ ಎಂದುಕೊಂಡೆ. ಆಮೇಲೆ ನೀವೆಲ್ಲ ಬರೆದದ್ದನ್ನು ಓದುತ್ತ ಹೋದ ಹಾಗೆ, ನಿಜ ಹೇಳುತ್ತೇನೆ, ನನಗೂ ಒಮ್ಮೆ ಓಡಿಸಬೇಕೆನಿಸಿತು.

೨೦೨೪ರ ಆಗಸ್ಟ್ ಹನ್ನೊಂದು, ಭಾನುವಾರ. ಗದಗಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ತ್ರಿವೇಣಿ ಬೆಟಗೇರಿ ಎಂಬ ಇಪ್ಪತ್ತೇಳರ ಹುಡುಗಿ ಆ ಪುಟದಲ್ಲಿ ಒಂದು ಫೋಟೋ ಹಾಕಿ ಕೇಳಿದ್ದಳು: "ಎಂಟು ವರ್ಷದ ಕೆಂಪು ಗಾಡಿ ನೋಡೇನ್ರಿ. ಎಪ್ಪತ್ತೆರಡು ಸಾವಿರ ಕಿಲೋಮೀಟರ್ ಓಡೇತಿ. ಮನಸ್ಸಿಗೆ ಭಾಳ ಬಂದೈತಿ. ಮನ್ಯಾಗ ಬ್ಯಾಡ ಅಂತಾರ, ನಮ್ಮ ತಂಗಿ ಒಬ್ಬಾಕಿ ತಗೋ ಅಂತಾಳ. ಓಡಿಸಿದವ್ರು ಖರೇ ಹೇಳ್ರಿ, ತಗೊಳ್ಲೋ ಏನ್ ಬಿಡ್ಲೋ?"

ಹನ್ನೊಂದು ಜನ ಮಾಲೀಕರು ಅಭಿಪ್ರಾಯ ಹೇಳಿದರು. ಧಾರವಾಡದವರೊಬ್ಬರು, "ಮೈಲೇಜ್ ಎಷ್ಟ್ ಕೊಡ್ತೈತಿ ಅಂತ ಕೇಳವ್ರು ಈ ಗಾಡಿ ತಂಟೆಕ್ಕ ಬರಬಾರ್ದ್ರಿ" ಎಂದರು. ಹಾವೇರಿಯ ಬ್ಯಾಂಕ್ ಮ್ಯಾನೇಜರ್, "ಹಿಂದಿನ ಸೀಟಿನ್ಯಾಗ ನಮ್ಮವ್ವನ್ನ ಒಂದ್ಸಲ ಕೂಡಿಸಿದ್ನಿ, ಆಕಿ ಎರಡು ತಿಂಗಳ ನನ್ನ ಕೂಡ ಮಾತಾಡ್ಲಿಲ್ಲ. ಆದ್ರೂ ನಾ ಮಾರಂಗಿಲ್ಲ" ಎಂದು ಬರೆದಿದ್ದರು. ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ ಎಂದು ಹೇಳಿದ ಒಬ್ಬರು ಕೂಡಲೇ, ಅದು ಗಾಡಿಯ ತಪ್ಪಲ್ಲ, ನಮ್ಮ ಕಾಲಿನ ತಪ್ಪು ಎಂದು ಸೇರಿಸಿದ್ದರು. ಹಂಪ್ ಬಂದಾಗೊಮ್ಮೆ ತಳ ಬಡಿಯುತ್ತದೆ, ಅದೊಂದು ಬಿಟ್ಟರೆ ಬಂಗಾರ ಎಂದರು ಇನ್ನೊಬ್ಬರು. ದೂರುವ ಮಾತನ್ನೂ ಹೊಗಳಿಕೆಯಲ್ಲೇ ಮುಗಿಸುವುದು ನಿಮ್ಮ ಬಳಗದ ಪದ್ಧತಿಯಾಗಿತ್ತು. ನಮ್ಮ ಗಾಡಿಯ ಹೆಸರನ್ನು ನಾವೇ ಕೆಡಿಸಬಾರದು ಎಂಬ ಬರೆಯದ ಕರಾರು ನಿಮ್ಮೆಲ್ಲರ ನಡುವೆ ಇತ್ತು. ಕೇಶ್ವಾಪುರದ ಡಾಕ್ಟರ್ ಒಬ್ಬರು ಮಾತ್ರ ಬೇರೆ ದಾರಿ ಹಿಡಿದಿದ್ದರು: "ಗಾಡಿ ನೋಡಬ್ಯಾಡವಾ, ಅದರ ಹಿಂದಿನ ಮಾಲಕನ್ನ ಹುಡುಕಿ ಕೇಳು."

ಆ ಹಿಂದಿನ ಮಾಲೀಕರು ನೀವು. ಫೋಟೋದಲ್ಲಿ ಹಿಂದಿನ ಗಾಜಿನ ಮೂಲೆಗೆ ನೀವೇ ಅಂಟಿಸಿದ ಹಳದಿ ಗಾಳಿಪಟದ ಸ್ಟಿಕರ್ ಇತ್ತು. ಎರಡು ವಾರದ ಹಿಂದಷ್ಟೇ ನೀವು ಆ ಕಾರನ್ನು ಒಬ್ಬ ಡೀಲರಿಗೆ ಕೊಟ್ಟಿದ್ದಿರಿ. ದೂರ ಓಡಿದ ಮೇಲೆ ಅದರ ಬ್ರೇಕ್ ಪೆಡಲ್ ಒಮ್ಮೊಮ್ಮೆ ಕಾಲಿಗೆ ಆಧಾರವೇ ಸಿಗದ ಹಾಗೆ ಮೆತ್ತಗೆ ಕೆಳಗೆ ಹೋಗುತ್ತಿತ್ತು. ಇದು ಜಗತ್ತಿನಲ್ಲಿ ನಿಮ್ಮೊಬ್ಬರಿಗೆ ಗೊತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಅದೇ ಪುಟದಲ್ಲಿ, ನನ್ನ ಕೆಂಪು ಗಾಡಿ ಒಂದು ದಿನವೂ ಕೈಕೊಟ್ಟಿಲ್ಲ ಎಂದು ಉದ್ದಕ್ಕೆ ಕೊಚ್ಚಿಕೊಂಡಿದ್ದಿರಿ. ಅದಕ್ಕೆ ಇನ್ನೂರು ಜನ ಭೇಷ್ ಎಂದಿದ್ದರು.

ನಿಮ್ಮ ಅಳಿಬರಹವನ್ನು ನಾನು ಓದಿದ್ದೇನೆ, ಮುತ್ತಜ್ಜ. ಮೊದಲು ಬರೆದಿರಿ: "ಇದು ನನ್ನ ಗಾಡೀನ ಇತ್ರಿ. ಬ್ರೇಕ್ ಒಮ್ಮೊಮ್ಮೆ ಕೆಳಗ ಹೋಗತೈತಿ. ರಿಪೇರಿ ಮಾಡ್ಸಲಾರದ ತಗೋಬ್ಯಾಡ್ರಿ." ಅಳಿಸಿದಿರಿ. ಆಮೇಲೆ, "ಬ್ರೇಕ್ ಒಂದ್ಸಲ ತೋರ್ಸ್ರಿ." ಅದನ್ನೂ ಅಳಿಸಿದಿರಿ. ಆಮೇಲೆ, "ಯಾವ್ದಕ್ಕೂ ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸಿದ್ರ ಚಲೋ." ಅದೂ ಹೋಯಿತು. ಕೊನೆಗೆ ನೀವು ಕಳಿಸಿದ್ದು ಹನ್ನೆರಡನೆಯ ಅಭಿಪ್ರಾಯ: "ಗಾಡಿ ಬೆಂಕಿ ಐತ್ರಿ. ಕಣ್ಣು ಮುಚ್ಚಿ ತಗೋರಿ."

ಅವಳು ತೆಗೆದುಕೊಂಡಳು. ಇಪ್ಪತ್ಮೂರನೆಯ ದಿನ ಬೆಳಿಗ್ಗೆ ಅಣ್ಣಿಗೇರಿ ದಾಟಿದ ಮೇಲೆ ಪಕ್ಕದ ಹಾದಿಯಿಂದ ಒಂದು ಟ್ರ್ಯಾಕ್ಟರ್ ರಸ್ತೆಗೆ ಬಂತು. ಅವಳು ಬ್ರೇಕ್ ಒತ್ತಿದಳು. ಪೆಡಲ್ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಮುಂದಿನ ಸೀಟಿನಲ್ಲಿದ್ದ ತಂಗಿ ರೋಹಿಣಿ, ತಗೋ ಅಂದ ಆ ಒಬ್ಬಳೇ ತಂಗಿ, ಅಲ್ಲೇ ತೀರಿಹೋದಳು. ಅವಳಿಗೆ ಹತ್ತೊಂಬತ್ತು ವರ್ಷ.

ಬ್ರೇಕ್ ಹಿಡಿಯಲಿಲ್ಲ ಎಂದು ತ್ರಿವೇಣಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ. "ಜೋರ್ ಓಡಸೋರೆಲ್ಲಾ ಹಂಗ ಅಂತಾರ" ಎಂದರು. ಹೇಳಿ ಹೇಳಿ ಸಾಕಾಗಿ, ಕೆಲವು ತಿಂಗಳಲ್ಲಿ ತನ್ನ ಕಾಲಿನ ನೆನಪನ್ನು ಅವಳೇ ನಂಬದಾದಳು. ಅಷ್ಟರಲ್ಲಿ ನೀವು ಹಣ್ಣು ಹಿಡಿದುಕೊಂಡು ನೋಡಲು ಹೋಗಲಾರಂಭಿಸಿದ್ದಿರಿ. ಮಾರಿದ ಗಾಡಿಯ ಮೇಲೂ ಇಷ್ಟು ಕಾಳಜಿ ಇರುವ ಮನುಷ್ಯ ಎಂದು ಅವಳ ಮನೆಯವರು ನಿಮ್ಮನ್ನು ಕೊಂಡಾಡಿದರು. ಎರಡು ವರ್ಷಕ್ಕೆ ನಿಮ್ಮಿಬ್ಬರ ಮದುವೆಯಾಯಿತು. ಹುಟ್ಟಿದ ಮಗಳಿಗೆ ರೋಹಿಣಿ ಎಂದು ಹೆಸರಿಟ್ಟವರು ನೀವೇ. ಅವಳು ನನ್ನ ಅಜ್ಜಿ.

ನಿಮ್ಮನ್ನು ನಾನು ಕಂಡಿಲ್ಲ. ಮುತ್ತಜ್ಜಿಯನ್ನು ಕಂಡಿದ್ದೇನೆ, ನನಗೆ ಏಳು ವರ್ಷವಾಗುವವರೆಗೆ. ಕೂಡುಬಂಡಿಯಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲೇ ಕೂಡುತ್ತಿದ್ದಳು. ಬಂಡಿ ನಿಧಾನವಾದಾಗೊಮ್ಮೆ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು, ಒತ್ತಿ ಬಿಟ್ಟು ಮತ್ತೆ ಒತ್ತುತ್ತಿತ್ತು. ಅದನ್ನು ಆಟವೆಂದುಕೊಂಡು ನಾನೂ ಅವಳ ಜೊತೆ ಒತ್ತುತ್ತಿದ್ದೆ. ತೊಂಬತ್ತು ದಾಟಿದ ಮೇಲೂ ಒಂದೇ ಮಾತು: "ನಾನ ಜೋರ್ ಹೊಡದ್ನಿ. ನನ್ನ ಕೈಯಾರೆ ಕೊಂದ್ನಿ." ನೀವು ಇರುವವರೆಗೆ, ಅವಳು ಹಾಗೆ ಅಂದಾಗಲೆಲ್ಲ ಪಕ್ಕದಲ್ಲಿ ಕೂತು, "ಆದದ್ದಾತು, ಬಿಡ ತ್ರಿವೇಣಿ" ಎನ್ನುತ್ತಿದ್ದಿರಂತೆ. ಅಜ್ಜಿ ಅದನ್ನು ನಿಮ್ಮ ದೊಡ್ಡತನವೆಂದು ನಮಗೆ ಹೇಳುತ್ತ ಬಂದಳು. ಅಳಿಬರಹ ಓದಿದ ದಿನ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಆ ಮಾತು ಕೇಳುತ್ತ ಊಟ ಹೇಗೆ ಮಾಡಿದಿರಿ?

ಈ ಕಾಗದ ನಿಮ್ಮ ಕೈಗೆ ಬರುವುದು ಆ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ನೀವು ಫೋನು ಹಿಡಿದು ಗೋಡೆಗೆ ಒರಗಿರುವ ಹೊತ್ತಿಗೆ. ಹನ್ನೊಂದು ಅಭಿಪ್ರಾಯಗಳು ಬಂದಾಗಿವೆ, ನಿಮ್ಮದು ಇನ್ನೂ ಹೋಗಿಲ್ಲ. ನಾನು ಕೇಳಬೇಕಾದದ್ದು ಏನೆಂದು ಇಷ್ಟು ಓದಿದ ಮೇಲೆ ನಿಮಗೆ ಗೊತ್ತಾಗಿರುತ್ತದೆ. ಕೇಳಲು ನನಗೆ ಯಾಕೆ ಇಷ್ಟು ದಿನ ಹಿಡಿಯಿತು ಎಂಬುದೂ ಗೊತ್ತಾಗಿರಬೇಕು. ನೀವು ನಿಜ ಬರೆದರೆ ಆ ಹುಡುಗಿ ಗಾಡಿ ಬಿಟ್ಟುಬಿಡುತ್ತಾಳೆ, ರೋಹಿಣಿ ಬದುಕುತ್ತಾಳೆ. ನೀವು ಹಣ್ಣು ಹಿಡಿದು ಯಾವ ಆಸ್ಪತ್ರೆಗೂ ಹೋಗುವುದಿಲ್ಲ. ಆಮೇಲೆ ನನ್ನ ಅಜ್ಜಿಯಿಲ್ಲ, ಅಮ್ಮನಿಲ್ಲ, ನಾನಿಲ್ಲ. ಬರೆಯದೆ ಇದ್ದು, ಆಸ್ಪತ್ರೆಯಲ್ಲಾದರೂ ಅವಳ ಮುಂದೆ ಬಾಯಿಬಿಡಿ ಎಂದು ಕೇಳೋಣವೆಂದರೆ, ತಂಗಿಯ ಸಾವಿಗೆ ಕಾರಣನಾದವನನ್ನು ಅವಳು ಮದುವೆಯಾದಾಳೆಯೇ? ನಿಜದ ಎರಡು ದಾರಿಯಲ್ಲೂ ನಾವು ಹುಟ್ಟುವುದಿಲ್ಲ. ನಮ್ಮ ಮನೆತನ ನಿಂತಿರುವುದೇ ನಿಮ್ಮ ಆ ಸುಳ್ಳಿನ ಮೇಲೆ.

ನನಗೂ ಒಬ್ಬ ಮಗಳಿದ್ದಾಳೆ. ಅವಳ ಹೆಸರೂ ರೋಹಿಣಿ. ನಮ್ಮ ಮನೆಯಲ್ಲಿ ಆ ಹೆಸರನ್ನು ಖಾಲಿ ಬಿಡುವುದಿಲ್ಲ. ಈಗ ಹೊರಗೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಳೆ, ಗೆರೆ ತುಳಿದು ತುಳಿದಿಲ್ಲ ಎಂದು ಜಗಳ ತೆಗೆದಿದ್ದಾಳೆ. ಅವಳ ದನಿ ಕೇಳುತ್ತಲೇ ಬರೆಯುತ್ತಿದ್ದೇನೆ.

ಬಳಸಿದ ವಸ್ತು ಕೊಡುವವರು ಮೂರು ದೋಷ ಹೇಳಬೇಕೆಂದು ದಿನವೂ ಜನರನ್ನು ಕೂಡಿಸಿ ಗದರುವವಳು ನಾನು. ಕುಕ್ಕರಿನ ಹೆಂಗಸನ್ನು ಅರ್ಧ ಗಂಟೆ ಬೆವರಿಳಿಸಿದವಳು. ನನ್ನ ಬದುಕು ನಿಮ್ಮಿಂದ ನನ್ನ ಕೈಗೆ ಬಂದದ್ದು, ಅದರ ದೋಷ ಇಷ್ಟು ದೊಡ್ಡದು. ತಿಳಿದ ಮೇಲೂ ಸುಮ್ಮನಿದ್ದರೆ ನಾನು ಹದಿಮೂರನೆಯ ಅಭಿಪ್ರಾಯ ಬರೆದ ಹಾಗೆ.

ಮುತ್ತಜ್ಜ, ಮೊದಲ ಸಲ ಬರೆದಿರಲ್ಲ, ಅದೇ ಸಾಲನ್ನು ಕಳಿಸಿ. ನೀವು ಕೊಚ್ಚಿಕೊಂಡ ಮಾತಿಗೆ ಇನ್ನೂರು ಜನ ನಕ್ಕರೆ ನಗಲಿ. ಆ ಹುಡುಗಿ ಖರೇ ಹೇಳ್ರಿ ಎಂದು ಕೇಳಿದ್ದಾಳೆ. ಹೇಳಿಬಿಡಿ. ನಮ್ಮ ಯೋಚನೆ ಮಾಡಬೇಡಿ.

ಇಷ್ಟರ ಮೇಲೆ ನಿಮಗೆ ಬಿಟ್ಟದ್ದು. ನಿಮ್ಮನ್ನು ಒಮ್ಮೆಯೂ ಕಾಣದ,

ನೀಲಗಂಗಾ


ಹಿಂದಂಚೆಯ ನಿಯಮದಂತೆ, ಅಳಿಬರಹ. ಮೂರು ಸಲ ಬರೆದು ಮೂರು ಸಲವೂ ಅಳಿಸಿದ್ದು, ಒಂದೇ ಸಾಲು:

ಮುತ್ತಜ್ಜಾ, ಬರೀಬ್ಯಾಡ. ನನ್ನ ರೋಹಿಣಿಗೆ ಇನ್ನಾ ಒಂಬತ್ತ ವರ್ಷ.