ಒಂದೇ ರಾಶಿಯ ಮಂಡಕ್ಕಿ

ಅಪ್ಪಾಜಿ,

ಇದನ್ನು ನೀವು ಓದುವುದಿಲ್ಲ. ಆದರೂ ಮನೆಯ ಸುದ್ದಿ ನಿಮಗೇ ಹೇಳಬೇಕು ಅನ್ನಿಸಿತು. ನಿಮ್ಮನ್ನು ಕರೆದೊಯ್ದ ಏಡ್ಸ್ ವೈರಸ್ ಅಮ್ಮನ ರಕ್ತದಲ್ಲೂ ಇದೆ. ದಿನಾ ಮಾತ್ರೆ ನುಂಗಿ ಚೆನ್ನಾಗಿ ಉಂಡರೆ ಗಟ್ಟಿಯಾಗಿರುತ್ತಾಳೆ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಅಮ್ಮ ಸರಿಯಾಗಿ ಉಣ್ಣುತ್ತಲೇ ಇರಲಿಲ್ಲ.

ಇವತ್ತು ಹಾಸ್ಟೆಲ್‌ನಿಂದ ಹರಿಹರಕ್ಕೆ ಬರುವಾಗ ದಾವಣಗೆರೆಯ ಮಂಡಕ್ಕಿ, ಮಿರ್ಚಿ ತಂದೆ. ಎಂದಿನಂತೆ ಪೇಪರ್ ಹಾಸಿ ರಾಶಿ ಸುರಿದೆ. ಅಮ್ಮ ತನ್ನ ಪಾಲನ್ನು ಬೇರೆ ಹಾಳೆಗೆ ಹಾಕಿಕೊಂಡು ಬಾಗಿಲ ಹತ್ತಿರ ಸರಿದಳು. ನಾನು ಅದನ್ನು ಕಿತ್ತುಕೊಂಡು ವಾಪಸ್ ರಾಶಿಗೇ ಸುರಿದೆ.

“ಏ ಹುಚ್ಚಿ, ನಿಂಗೂ ಅಂಟ್ಕಂಡ್ರೆ ಏನ್ ಮಾಡ್ಲಿ?”

“ಒಟ್ಟಿಗೆ ತಿಂದ್ರೆ ಅಂಟಲ್ಲಮ್ಮ. ಡಾಕ್ಟ್ರೇ ಕಾಲೇಜಿಗೆ ಬಂದು ಲೆಕ್ಚರ್ ಕೊಟ್ರು.”

“ಹಂಗಾದ್ರೆ ಅವ್ರನ್ನೇ ಕರಿ, ನನ್ ಜೊತೆ ತಿನ್ಲಿ.”

“ಅವ್ರಿಗ್ಯಾಕೆ? ನಮಗೇ ಸಾಲಲ್ಲ. ನೀ ಕೈ ಹಾಕೋ ತನಕ ನಾನೂ ಮುಟ್ಟಲ್ಲ.”

ಅಮ್ಮ ನಕ್ಕಳು. ಹೊಟ್ಟೆ ತುಂಬ ತಿಂದಳು. ಆಮೇಲೆ ಬಾಗಿಲ ಕಡೆ ನೋಡುತ್ತಾ, “ನಿಮ್ಮಪ್ಪಾಜಿಗೂ ಮಿರ್ಚಿ ಅಂದ್ರೆ ಜೀವ ಇತ್ತು” ಅಂದಳು.

ಕೊನೆಕೊನೆಗೆ ನಮಗೆ ಅಂಟೀತೆಂಬ ಭಯಕ್ಕೆ ನೀವು ಹಾಳೆ ಹಾಸಿಕೊಂಡು ಒಬ್ಬರೇ ಕೂರುತ್ತಿದ್ದ ಬಾಗಿಲ ಹತ್ತಿರದ ಆ ಜಾಗಕ್ಕೆ ನಾನು ಬೆನ್ನು ಹಾಕಿ ಕೂತಿದ್ದೆ, ಅಪ್ಪಾಜಿ. ತಿರುಗಿ ನೋಡುವ ಧೈರ್ಯವಾಗಲಿಲ್ಲ.