ಬಾಗಿದ ಕೊಳವೆ

೧೪ ಮಾರ್ಚ್, ಭಾನುವಾರ ಮಧ್ಯಾಹ್ನ

ಮುದ್ದು ಗುಬ್ಬಿಗೆ,

ಅಮ್ಮನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ, ಓದು. ನೀನು ನನ್ನ ಫೋನ್ ಎತ್ತದೆ ಎಂಟು ತಿಂಗಳಾಯಿತು. ಕಾಗದವಾದರೆ ನನ್ನ ಹಾಗೆ ವಾದ ಮಾಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ.

ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಇನ್ಸುಲಿನ್ ಪಂಪಿನ ಕೊಳವೆಯನ್ನು ಇನ್ನು ಹೊಟ್ಟೆಯ ಎಡಗಡೆ ಚುಚ್ಚಿಕೊಳ್ಳಬೇಡ. ಆ ಜಾಗ ನಾನೇ ಕಲಿಸಿದ್ದು. ಅಲ್ಲಿ ಚುಚ್ಚಿದರೆ ನೀನು ಅಳುತ್ತಿರಲಿಲ್ಲ, ನನಗೂ ಅಷ್ಟೇ ಬೇಕಿತ್ತು. ಜಾಗ ಬದಲಿಸಿ, ಬದಲಿಸಿ ಅಂತ ನರ್ಸಮ್ಮ ಬಡಿದುಕೊಂಡರೂ, ಮೂವತ್ತು ವರ್ಷ ಸೂಜಿ ಹಿಡಿದವಳಿಗೆ ಇವಳೇನು ಹೇಳಿಕೊಡೋದು ಅಂದುಕೊಂಡೆ. ಒಂದೇ ಕಡೆ ಪದೇ ಪದೇ ಹೊಲಿದರೆ ಬಟ್ಟೆ ಹಾಳಾಗುತ್ತೆ ಅಂತ ಕೆಲಸ ಕಲಿಯಲು ಬಂದ ಹುಡುಗಿಯರನ್ನೆಲ್ಲ ಬೈದವಳು, ಮಗಳ ಚರ್ಮಕ್ಕೆ ಅದನ್ನೇ ಮಾಡಿದೆ. ಅಲ್ಲಿ ನೋಯದಿರುವುದು ಒಳಗೆ ಗಂಟು ಕಟ್ಟಿರುವುದರಿಂದ. ಗಂಟಿಗೆ ಹೋದ ಇನ್ಸುಲಿನ್ ಮೈಗೆ ಹತ್ತುವುದಿಲ್ಲ.

ಇನ್ನೊಂದು ಮಾತಿದೆ. ಅದನ್ನು ಬರೆಯಲು ಬೆಳಗ್ಗಿನಿಂದ ಕೈ ಬರುತ್ತಿಲ್ಲ.

ನಿನಗೆ ಆಗ ಹದಿಮೂರು. ಚಿಕ್ಕಮ್ಮನ ಮಗನ ಹುಟ್ಟುಹಬ್ಬ. ಸಂಜೆ ನಿನ್ನ ಸಕ್ಕರೆ ಮುನ್ನೂರ ಎಂಬತ್ತು ಇತ್ತು. ಪಂಪಿನಿಂದ ಮದ್ದು ಕೊಟ್ಟು ಎರಡು ಗಂಟೆ ಕಾದರೆ ನಾನೂರು. ಹಾಗೆ ಇಳಿಯದಿದ್ದರೆ ಯಂತ್ರವನ್ನು ನಂಬಬೇಡಿ, ಸಿರಿಂಜಿನಲ್ಲಿ ಕೊಟ್ಟು, ಕೊಳವೆ ಕಿತ್ತು ನೋಡಿ ಎಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಮದ್ದು ಕಟ್ಟಿಕೊಂಡರೆ ಕೂಗಬೇಕಾದ ಪಂಪು ಕೂಗಿಕೊಳ್ಳಲಿಲ್ಲ. ಹಾಗಾಗಿ ನಾನು ಪಂಪನ್ನು ನಂಬಿದೆ, ನಿನ್ನನ್ನು ನಂಬಲಿಲ್ಲ. ಕದ್ದು ಕೇಕ್ ತಿಂದೆಯಾ ಎಂದು ಕೇಳಿದೆ. ಇಲ್ಲಮ್ಮ, ನಿನ್ನಾಣೆಗೂ ತಿಂದಿಲ್ಲ ಅಂತ ನೀನು ಅತ್ತೆ. ಎಲ್ಲರೆದುರು ನಿನ್ನ ಕೆನ್ನೆಗೆ ಬಾರಿಸಿದೆ.

ಮನೆಗೆ ಬಂದು ಕೊಳವೆ ಕಿತ್ತೆ. ಅದು ಅರ್ಧಕ್ಕೆ ಬಾಗಿತ್ತು. ಮದ್ದೆಲ್ಲ ಪಕ್ಕಕ್ಕೆ ಸೋರಿ ಅಂಟುಪಟ್ಟಿ ಒದ್ದೆಯಾಗಿತ್ತು. ನೀನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ನಾನು ಅದನ್ನು ಹಾಗೇ ಮುದುರಿ ಕಸಕ್ಕೆ ಹಾಕಿ, ಹೊಸದನ್ನು ಚುಚ್ಚಿದೆ. ಮರುದಿನ ಸಕ್ಕರೆ ಇಳಿದಾಗ, ನೋಡು, ತಿಂದ ಕೇಕ್ ಈಗ ಕರಗಿತು ಅಂತ ಬೇರೆ ಅಂದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ನಾನೇ.

ಅಂದಿನಿಂದ ನೀನು ಆಣೆ ಇಡಲಿಲ್ಲ. ಸಕ್ಕರೆ ಏರಿದರೆ ಮೀಟರನ್ನು ನನ್ನ ಮುಂದಿಟ್ಟು, ಬೈಸಿಕೊಳ್ಳಲು ಸುಮ್ಮನೆ ನಿಲ್ಲುತ್ತಿದ್ದೆ. ಹೋದ ವರ್ಷ ಆ ಜಗಳದಲ್ಲಿ, ಚಿಕ್ಕಂದಿನಿಂದಲೂ ನೀನು ಸುಳ್ಳುಬುರುಕಿ, ಕೇಕಿನ ದಿನವೇ ನೋಡಿದೀನಿ ಅಂತ ನಾನು ಕೂಗಿದೆ. ನೀನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದೆ. ಆಗಲೂ ನನಗೆ ನಿಜ ಗೊತ್ತಿತ್ತು, ಮಗಳೇ. ಗೊತ್ತಿದ್ದೇ ಕೂಗಿದೆ.

ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಬಲಗಡೆಯೋ, ತೊಡೆಯೋ, ಜಾಗ ಬದಲಿಸಿಕೋ. ಅಷ್ಟು ಮಾಡಿದರೆ ಸಾಕು.

ನಿನ್ನ
ಅಮ್ಮ

ತಾ.ಕ.: ಈಗಲೂ ಎಡಗಡೆಯೇ ಚುಚ್ಚುತ್ತೀಯೆಂದು ನನಗೆ ಯಾಕೆ ಅನುಮಾನ ಬಂತು ಎಂದು ನೀನು ಕೇಳಿಯೇ ಕೇಳುತ್ತೀಯ. ನಿನ್ನ ತೋಳಿಗೆ ಅಂಟಿಸಿದ ಸೆನ್ಸರಿನಿಂದ ಸಕ್ಕರೆಯ ಅಂಕಿ ಇವತ್ತಿಗೂ ನನ್ನ ಫೋನಿಗೆ ಬರುತ್ತಿದೆ. ನಿಲ್ಲಿಸಲು ಮರೆತಿದ್ದೀಯ. ಎರಡು ತಿಂಗಳಿಂದ ಊಟದ ನಂತರ ಅದು ಬೇಗ ಇಳಿಯುತ್ತಿಲ್ಲ. ಆ ಅಂಕಿ ನೋಡಿಯೇ ನೀನು ಎದ್ದೆ, ತಿಂದೆ ಎಂದು ತಿಳಿದುಕೊಳ್ಳುತ್ತಿದ್ದೆ. ಹೇಳಿದರೆ ಅದೂ ಹೋಗುತ್ತದೆಂದು ಇಷ್ಟು ದಿನ ಬಾಯಿ ಬಿಡಲಿಲ್ಲ. ಮೊದಲು ಜಾಗ ಬದಲಿಸು. ಅಂಕಿ ಇಳಿದದ್ದನ್ನು ಒಂದು ದಿನ ನೋಡಲು ಬಿಡು. ಆಮೇಲೆ ನಿಲ್ಲಿಸು.